ಎಲ್ಲವೂ ಸ್ಕ್ರೀನಿನಲ್ಲಿ ಕಾಣುತ್ತಿದ್ದರೂ ಸರಕು ಯಾಕೆ ನಿಂತುಹೋಗುತ್ತದೆ?

ಓದುಗರ ಪ್ರಶ್ನೆ: ಹಡಗು ಎಲ್ಲಿದೆ, ಲಾರಿ ಎಲ್ಲಿದೆ, ಗೋದಾಮಿನಲ್ಲಿ ಎಷ್ಟು ಸ್ಟಾಕ್ ಇದೆ ಅಂತ ಈಗ ಫೋನಿನಲ್ಲೇ ಗೊತ್ತಾಗುತ್ತೆ. ಎಐ ಕೂಡ ಬಂದಿದೆ. ಆದರೂ ಎಲ್ಲೋ ಒಂದು ಕಾರ್ಖಾನೆ ನಿಂತರೆ ಸಾವಿರಾರು ಮೈಲಿ ದೂರದಲ್ಲಿ ಸರಕು ಸಿಗಲ್ಲ. ಡಿಜಿಟಲ್ ತಂತ್ರಜ್ಞಾನದಿಂದ ಪೂರೈಕೆ ಸರಪಳಿ ನಿಜಕ್ಕೂ ಗಟ್ಟಿಯಾಗುತ್ತಾ, ಇಲ್ಲಾ ಇದೆಲ್ಲ ಸುಮ್ನೆ ಖರ್ಚಾ?

ಉತ್ತರ: ಖಂಡಿತ ಗಟ್ಟಿಯಾಗುತ್ತದೆ, ಆದರೆ ಒಂದು ಷರತ್ತಿದೆ. ಕಂಪ್ಯೂಟರ್ ನಮಗೆ ಕೊಡುವುದು ಸಮಯ. ತೊಂದರೆ ಬಾಗಿಲಿಗೆ ಬರುವ ಮೊದಲೇ ಅದು ಹೇಳುತ್ತದೆ. ಆ ಸಮಯದಲ್ಲಿ ಮಾಡಲು ಏನಾದರೂ ದಾರಿ ಇರಬೇಕು. ಇನ್ನೊಬ್ಬ ಪೂರೈಕೆದಾರ, ಒಂದಿಷ್ಟು ಹೆಚ್ಚುವರಿ ದಾಸ್ತಾನು, ಬದಲಿ ಮಾರ್ಗ, ತಕ್ಷಣ ಒಪ್ಪಿಗೆ ಕೊಡುವ ಅಧಿಕಾರ ಇರುವ ಒಬ್ಬ ಮನುಷ್ಯ. ಇವು ಯಾವುದೂ ಇಲ್ಲದಿದ್ದರೆ ಸಂಕಟ ಬರುವುದು ಬೇಗ ಕಾಣುತ್ತದೆ, ಅಷ್ಟೇ.

2021ರ ಮಾರ್ಚ್ 23ರಂದು ಎವರ್ ಗಿವನ್ ಹಡಗು ಸೂಯೆಜ್ ಕಾಲುವೆಗೆ ಅಡ್ಡ ಸಿಕ್ಕಿಕೊಂಡಿದ್ದು ನೆನಪಿದೆ ಅಲ್ವಾ? 400 ಮೀಟರ್ ಉದ್ದದ ಹಡಗು. ದೊಡ್ಡ ಹಡಗುಗಳೆಲ್ಲ ತಾವು ಎಲ್ಲಿದ್ದೇವೆ ಎಂದು ರೇಡಿಯೋ ಮೂಲಕ ಸದಾ ಹೇಳುತ್ತಲೇ ಇರುತ್ತವೆ. ಹಾಗಾಗಿ ಇಡೀ ಜಗತ್ತು ಆ ಜಾಗವನ್ನು ಫೋನಿನಲ್ಲೇ ನೋಡುತ್ತಿತ್ತು. ಅದರ ಹಿಂದೆ ಮುಂದೆ ನಿಂತ ನೂರಾರು ಹಡಗುಗಳೂ ಚುಕ್ಕೆಗಳಾಗಿ ಕಾಣುತ್ತಿದ್ದವು. ಆದರೂ ಆರು ದಿನ ಯಾವ ಚುಕ್ಕೆಯೂ ಆ ಕಾಲುವೆ ದಾಟಲಿಲ್ಲ. ಇನ್ನೂ ದೂರದಲ್ಲಿದ್ದ ಕೆಲವು ಹಡಗುಗಳು ಮಾತ್ರ ಸುದ್ದಿ ತಿಳಿದು ಆಫ್ರಿಕಾದ ತುದಿ ಸುತ್ತಿಕೊಂಡು ಹೊರಟವು. ಎಲ್ಲರಿಗೂ ಸಿಕ್ಕಿದ್ದು ಒಂದೇ ಮಾಹಿತಿ. ಅದರಿಂದ ಪ್ರಯೋಜನ ಆಗಿದ್ದು ತಿರುಗಲು ಜಾಗ ಇದ್ದವರಿಗೆ.

ಹತ್ತು ನಿಮಿಷದ ಬೆಂಕಿ

ಈ ವಿಷಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಬೇರೆ ಕಂಡಿಲ್ಲ. ಹಳೆಯದು, ಆದರೂ ಬಿಡಿಸಿ ಹೇಳುತ್ತೇನೆ.

2000ದ ಮಾರ್ಚ್ 17, ಶುಕ್ರವಾರ ರಾತ್ರಿ. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯಲ್ಲಿ ಫಿಲಿಪ್ಸ್ ಕಂಪನಿಯ ಚಿಪ್ ಕಾರ್ಖಾನೆ ಇತ್ತು. ಸಿಡಿಲಿನಿಂದಾಗಿ ಅಲ್ಲಿ ಸಣ್ಣದೊಂದು ಬೆಂಕಿ ಹತ್ತಿಕೊಂಡಿತು. ಸುಮಾರು ಹತ್ತು ನಿಮಿಷದಲ್ಲಿ ಆರಿಯೂ ಹೋಯಿತು. ಆದರೆ ಚಿಪ್ ತಯಾರಿಸುವ ಕೋಣೆಯಲ್ಲಿ ಒಂದು ಕಣ ಧೂಳೂ ಇರಬಾರದು. ಬೆಂಕಿಗಿಂತ ಹೊಗೆ ಮತ್ತು ನೀರು ಜಾಸ್ತಿ ಹಾಳು ಮಾಡಿದ್ದವು. ಲಕ್ಷಾಂತರ ಫೋನುಗಳಿಗೆ ಬೇಕಿದ್ದ ಚಿಪ್‌ಗಳು ಕೆಟ್ಟುಹೋದವು.

ಅಲ್ಲಿಂದ ಚಿಪ್ ಕೊಳ್ಳುತ್ತಿದ್ದ ಎರಡು ದೊಡ್ಡ ಮೊಬೈಲ್ ಕಂಪನಿಗಳು ನೋಕಿಯಾ ಮತ್ತು ಎರಿಕ್ಸನ್. ಮೂರು ದಿನಗಳ ನಂತರ ಇಬ್ಬರಿಗೂ ಫೋನ್ ಬಂತು: ಒಂದು ವಾರ ತಡವಾಗಬಹುದು, ಅಷ್ಟೇ. ಆ ಹೊತ್ತಿಗೆ ನೋಕಿಯಾದವರು ತಮ್ಮ ಕಂಪ್ಯೂಟರಿನಲ್ಲಿ ಬರುವ ಸರಕಿನ ಲೆಕ್ಕ ಏರುಪೇರಾಗಿರುವುದನ್ನು ಗಮನಿಸಿದ್ದರು. ಒಂದು ವಾರದ ಮಾತನ್ನು ನಂಬಿ ಅವರು ಕೂರಲಿಲ್ಲ. ಆ ಬಿಡಿಭಾಗಗಳನ್ನು ವಿಶೇಷ ನಿಗಾ ಪಟ್ಟಿಗೆ ಸೇರಿಸಿ ದಿನಾ ವಿಚಾರಿಸತೊಡಗಿದರು. ತಿಂಗಳುಗಟ್ಟಲೆ ಚಿಪ್ ಬರುವುದಿಲ್ಲ ಎಂದು ಖಾತ್ರಿಯಾದಾಗ ಮೇಲಿನವರೇ ಫಿಲಿಪ್ಸ್ ಮುಖ್ಯಸ್ಥರ ಬಳಿ ಹೋದರು. ಬೇರೆ ದೇಶಗಳಲ್ಲಿದ್ದ ಅವರ ಕಾರ್ಖಾನೆಗಳಲ್ಲಿ ಜಾಗ ಮಾಡಿಸಿಕೊಂಡರು. ಕೆಲವು ಚಿಪ್‌ಗಳ ವಿನ್ಯಾಸ ಬದಲಿಸಿ ಬೇರೆ ಕಂಪನಿಗಳಿಂದಲೂ ತರಿಸಿದರು.

ಎರಿಕ್ಸನ್‌ನಲ್ಲಿ ಅದೇ ಸುದ್ದಿ ಕೆಳಗಿನ ಹಂತದಲ್ಲೇ ಉಳಿಯಿತು. ಖರ್ಚು ಉಳಿಸಲೆಂದು ಅವರು ಪೂರೈಕೆದಾರರ ಸಂಖ್ಯೆಯನ್ನು ಮೊದಲೇ ಕಡಿಮೆ ಮಾಡಿದ್ದರು. ಮೇಲಿನವರಿಗೆ ಗಂಭೀರತೆ ಅರ್ಥವಾಗುವ ಹೊತ್ತಿಗೆ ಫಿಲಿಪ್ಸ್ ಬಳಿ ಕೊಡಲು ಹೆಚ್ಚೇನೂ ಉಳಿದಿರಲಿಲ್ಲ. ಸುಮಾರು 40 ಕೋಟಿ ಡಾಲರ್ ವ್ಯಾಪಾರ ಕೈತಪ್ಪಿತು. ಮುಂದಿನ ವರ್ಷ ಎರಿಕ್ಸನ್ ತನ್ನ ಮೊಬೈಲ್ ವ್ಯವಹಾರವನ್ನು ಸೋನಿ ಜೊತೆ ಸೇರಿಸಿತು. ಅದಕ್ಕೆ ಬೇರೆ ಕಾರಣಗಳೂ ಇದ್ದವು, ಈ ಬೆಂಕಿಯೂ ಒಂದು.

ಕಂಪ್ಯೂಟರ್ ಎರಡೂ ಕಡೆ ಇತ್ತು, ಫೋನ್ ಕರೆಯೂ ಒಂದೇ. ಪರದೆಯ ಮೇಲಿನ ಅಂಕಿಯಿಂದ ತೀರ್ಮಾನ ಮಾಡುವ ಮನುಷ್ಯನವರೆಗೆ ಸುದ್ದಿ ತಲುಪಿದ್ದು ಮಾತ್ರ ಒಂದೇ ಕಡೆ.

ಯಾರಿಗೆ ಯಾರು ಕೊಡುತ್ತಾರೆ?

ಹೆಚ್ಚಿನ ಕಂಪನಿಗಳಿಗೆ ತಮಗೆ ನೇರವಾಗಿ ಸರಕು ಕೊಡುವವರು ಯಾರೆಂದು ಗೊತ್ತಿರುತ್ತದೆ. ಅವರಿಗೆ ಕೊಡುವವರು ಯಾರು? ಆ ಕೊಡುವವರಿಗೆ? ಅಲ್ಲಿಗೆ ಬಂದರೆ ಕತ್ತಲು.

2011ರ ಮಾರ್ಚ್ 11ರಂದು ಜಪಾನಿನಲ್ಲಿ ಭೂಕಂಪ, ಸುನಾಮಿ ಆದಾಗ ಈ ಕತ್ತಲು ಎಲ್ಲರಿಗೂ ಅರಿವಾಯಿತು. ಕಾರಿನ ಬಣ್ಣಕ್ಕೆ ಮಿನುಗು ಕೊಡುವ ಕ್ಸಿರಾಲಿಕ್ ಎಂಬ ಪುಡಿ ಇದೆ. ಆಗ ಅದು ಇಡೀ ಜಗತ್ತಿನಲ್ಲಿ ತಯಾರಾಗುತ್ತಿದ್ದುದು ಒಂದೇ ಕಡೆ, ಫುಕುಶಿಮಾ ಪ್ರಾಂತ್ಯದ ಒನಹಾಮಾದಲ್ಲಿದ್ದ ಮೆರ್ಕ್ ಕಂಪನಿಯ ಕಾರ್ಖಾನೆಯಲ್ಲಿ. ಅದು ನಿಂತಿತು. ಅಮೆರಿಕದ ಫೋರ್ಡ್ ಕಂಪನಿ ಕೆಲವು ಕಪ್ಪು ಮತ್ತು ಕೆಂಪು ಬಣ್ಣದ ಗಾಡಿಗಳಿಗೆ ಆರ್ಡರ್ ತೆಗೆದುಕೊಳ್ಳಬೇಡಿ ಎಂದು ಡೀಲರ್‌ಗಳಿಗೆ ಹೇಳಬೇಕಾಯಿತು. ಎಂಜಿನ್ ಇದೆ, ಚಕ್ರ ಇದೆ, ಬಣ್ಣದ ಮಿನುಗು ಮಾತ್ರ ಇಲ್ಲ! ಮುಂದೆ ಮೆರ್ಕ್ ಜರ್ಮನಿಯಲ್ಲೂ ಆ ಪುಡಿ ತಯಾರಿಸುವ ವ್ಯವಸ್ಥೆ ಮಾಡಿತು.

ಜಪಾನಿನ ಕಾರು ಕಂಪನಿ ಟೊಯೋಟಾ ಇದರಿಂದ ದೊಡ್ಡ ಪಾಠ ಕಲಿಯಿತು. ನೇರ ಪೂರೈಕೆದಾರರ ಆಚೆಗೂ ಯಾವ ಭಾಗ ಎಲ್ಲಿ, ಯಾವ ಘಟಕದಲ್ಲಿ ತಯಾರಾಗುತ್ತದೆ ಎಂಬ ದತ್ತಾಂಶ ಕೂಡಿಹಾಕಿತು. ಇಂಥ ಪಟ್ಟಿ ಇದ್ದರೆ ಭೂಕಂಪ ಆದ ಜಾಗವನ್ನು ನಕ್ಷೆಯಲ್ಲಿ ಗುರುತಿಸಿ, ಸುತ್ತಲಿನ ಯಾವ ಘಟಕಕ್ಕೆ ಪೆಟ್ಟಾಗಿರಬಹುದು ಎಂದು ಕೂಡಲೇ ಹುಡುಕಬಹುದು. ಅದರ ಜೊತೆಗೆ ಚಿಪ್‌ಗಳನ್ನು ಎರಡರಿಂದ ಆರು ತಿಂಗಳಿಗೆ ಆಗುವಷ್ಟು ದಾಸ್ತಾನು ಇಡುವಂತೆ ಪೂರೈಕೆದಾರರಿಗೆ ಹೇಳಿತು. ದಾಸ್ತಾನೇ ಬೇಡ, ಬೇಕಾದಾಗ ಬೇಕಾದಷ್ಟು ಮಾತ್ರ ತರಿಸೋಣ ಎಂಬ ಪದ್ಧತಿಯನ್ನು ಜಗತ್ತಿಗೆ ಕಲಿಸಿದ ಕಂಪನಿ ಅದು! 2021ರ ಆರಂಭದಲ್ಲಿ ಚಿಪ್ ಇಲ್ಲದೆ ಬೇರೆ ಕಾರು ಕಂಪನಿಗಳು ಒದ್ದಾಡುವಾಗ ಟೊಯೋಟಾ ಹೆಚ್ಚು ದಿನ ತಡೆದುಕೊಂಡಿತು. ಆದರೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಅದೂ ಉತ್ಪಾದನೆಯನ್ನು ಸುಮಾರು 40% ಕಡಿತ ಮಾಡಬೇಕಾಯಿತು. ದಾಸ್ತಾನು ಅಂದರೆ ಅಕ್ಷಯ ಪಾತ್ರೆ ಅಲ್ಲವಲ್ಲ.

ಹಾಗಾದರೆ ಯಾವುದನ್ನು ಎಷ್ಟು ಇಡಬೇಕು? ಎಲ್ಲವನ್ನೂ ಜಾಸ್ತಿ ಇಟ್ಟರೆ ದುಡ್ಡೆಲ್ಲ ಗೋದಾಮಿನಲ್ಲೇ ಕೂರುತ್ತದೆ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವಿಡ್ ಸಿಮ್ಚಿ-ಲೆವಿ ಇದಕ್ಕೊಂದು ಸರಳ ಲೆಕ್ಕ ಕೊಟ್ಟರು. ಫೋರ್ಡ್ ಕಂಪನಿ ಅದನ್ನು ಬಳಸಿತು. ಒಂದು ಘಟಕ ನಿಂತರೆ ಮತ್ತೆ ಶುರುವಾಗಲು ಎಷ್ಟು ವಾರ ಬೇಕು? ಅದಿಲ್ಲದೆ ನಾವು ಎಷ್ಟು ವಾರ ತಳ್ಳಬಹುದು? ಎರಡೇ ಪ್ರಶ್ನೆ. ಶುರುವಾಗಲು 8 ವಾರ ಬೇಕು, ನಿಮ್ಮ ಬಳಿ ಇರುವುದು 3 ವಾರದ ಸ್ಟಾಕ್ ಅಂದುಕೊಳ್ಳಿ. ನಡುವಿನ 5 ವಾರವೇ ನಿಮ್ಮ ಅಪಾಯ. ಇದರಲ್ಲಿ ನನಗೆ ಇಷ್ಟವಾದ ಅಂಶ ಏನೆಂದರೆ, ಆ ಘಟಕ ಯಾಕೆ ನಿಲ್ಲುತ್ತದೆ ಎಂದು ಊಹಿಸುವ ಗೊಡವೆಯೇ ಇಲ್ಲ. ಬೆಂಕಿಯೋ, ನೆರೆಯೋ, ಮುಷ್ಕರವೋ, ಏನಾದರೂ ಆಗಲಿ. ಇಂಥ ಲೆಕ್ಕವನ್ನು ಸಾವಿರಾರು ಘಟಕಗಳಿಗೆ ಒಟ್ಟಿಗೆ ಹಾಕಲು ಕಂಪ್ಯೂಟರ್ ಬೇಕೇ ಬೇಕು. ಹಾಕಿ ನೋಡಿದಾಗ ಕಂಡ ವಿಷಯ ಏನು ಗೊತ್ತಾ? ದೊಡ್ಡ ಅಪಾಯ ಎಷ್ಟೋ ಸಲ ದುಬಾರಿ ಭಾಗಗಳಲ್ಲಿ ಇರಲಿಲ್ಲ. ಯಾರೂ ತಲೆ ಕೆಡಿಸಿಕೊಳ್ಳದ ಅಗ್ಗದ ಭಾಗಗಳಲ್ಲಿತ್ತು.

ಈಗ ಬಹಳ ಕೇಳಿಬರುವ ಡಿಜಿಟಲ್ ಟ್ವಿನ್ ಎಂಬುದೂ ಹೆಚ್ಚುಕಡಿಮೆ ಇದೇ. ನಿಮ್ಮ ಇಡೀ ಸರಪಳಿಯ ಪ್ರತಿರೂಪವನ್ನು ಕಂಪ್ಯೂಟರಿನಲ್ಲಿ ಮಾಡಿ, ಅಲ್ಲಿ ಒಂದು ಬಂದರು ಮುಚ್ಚಿ, ಏನಾಗುತ್ತದೆ ನೋಡುವುದು. ಕೊಟ್ಟ ಮಾಹಿತಿ ಹಳೆಯದಾದರೆ ಉತ್ತರವೂ ಹಳೆಯದೇ.

ಸೆನ್ಸರ್, ಬ್ಲಾಕ್‌ಚೈನ್, ಎಐ

ಇವುಗಳಲ್ಲಿ ಸೆನ್ಸರ್ ಬಗ್ಗೆ ನನಗೆ ಹೆಚ್ಚು ನಂಬಿಕೆ. ಕೋವಿಡ್ ಸಮಯದಲ್ಲಿ ಫೈಜರ್ ಲಸಿಕೆಯನ್ನು ಸುಮಾರು ಮೈನಸ್ 70 ಡಿಗ್ರಿಯಲ್ಲಿ ಸಾಗಿಸಬೇಕಿತ್ತು. ಪ್ರತಿ ಪೆಟ್ಟಿಗೆಯಲ್ಲೂ ಜಾಗ ಮತ್ತು ಉಷ್ಣತೆ ಹೇಳುವ ಸೆನ್ಸರ್ ಇತ್ತು. ಪೆಟ್ಟಿಗೆ ದಾರಿಯಲ್ಲಿ ಬಿಸಿಯಾಗತೊಡಗಿದರೆ ತಕ್ಷಣ ತಿಳಿಯುತ್ತದೆ, ಒಣ ಐಸ್ ಹಾಕಿದರೆ ಲಸಿಕೆ ಉಳಿಯುತ್ತದೆ. ಸುದ್ದಿಯೂ ಸಿಕ್ಕಿತು, ಮಾಡಲು ಕೆಲಸವೂ ಇದೆ. ತಂತ್ರಜ್ಞಾನ ಹೀಗಿರಬೇಕು.

ಬ್ಲಾಕ್‌ಚೈನ್ ಕಥೆ ಸ್ವಲ್ಪ ಬೇರೆ. ಹಲವರು ಹಂಚಿಕೊಳ್ಳುವ, ಬರೆದದ್ದನ್ನು ಯಾರೂ ಗುಟ್ಟಾಗಿ ತಿದ್ದಲು ಕಷ್ಟವಾದ ಡಿಜಿಟಲ್ ಲೆಕ್ಕದ ಪುಸ್ತಕ ಅದು. ಅಮೆರಿಕದ ದೊಡ್ಡ ಅಂಗಡಿ ಕಂಪನಿ ವಾಲ್‌ಮಾರ್ಟ್ ಒಂದು ಪ್ರಯೋಗ ಮಾಡಿತು. ಕತ್ತರಿಸಿದ ಮಾವಿನಹಣ್ಣಿನ ಒಂದು ಪ್ಯಾಕೆಟ್ ಯಾವ ತೋಟದಿಂದ ಬಂತು ಎಂದು ಹಳೆಯ ರೀತಿಯಲ್ಲಿ ಹುಡುಕಲು 6 ದಿನ 18 ಗಂಟೆ 26 ನಿಮಿಷ ಹಿಡಿಯಿತು. ಬ್ಲಾಕ್‌ಚೈನ್ ದಾಖಲೆಯಲ್ಲಿ 2.2 ಸೆಕೆಂಡು. ಕೆಟ್ಟ ಆಹಾರದಿಂದ ಜನ ಕಾಯಿಲೆ ಬೀಳುವಾಗ ಈ ವ್ಯತ್ಯಾಸ ಸಣ್ಣದಲ್ಲ. ಆದರೆ ಹಡಗು ಕಂಪನಿ ಮಾರ್ಸ್ಕ್ ಮತ್ತು ಕಂಪ್ಯೂಟರ್ ಕಂಪನಿ ಐಬಿಎಂ ಸೇರಿ 2018ರಲ್ಲಿ ಶುರು ಮಾಡಿದ, ಸರಕು ಸಾಗಣೆಯ ದಾಖಲೆ ಹಂಚಿಕೊಳ್ಳುವ ಟ್ರೇಡ್‌ಲೆನ್ಸ್ ಎಂಬ ಬ್ಲಾಕ್‌ಚೈನ್ ವ್ಯವಸ್ಥೆಯನ್ನು ಮುಚ್ಚುವುದಾಗಿ 2022ರ ನವೆಂಬರಿನಲ್ಲಿ ಘೋಷಿಸಿದರು. ತಂತ್ರಜ್ಞಾನ ಕೆಲಸ ಮಾಡುತ್ತಿತ್ತು, ಹಡಗು ಉದ್ಯಮದವರೆಲ್ಲ ಒಂದಾಗಿ ಬರಲಿಲ್ಲ. ಮಾಹಿತಿ ಹಂಚಿಕೊಳ್ಳಲು ನಂಬಿಕೆ ಬೇಕು.

ಮಾಹಿತಿ ಹಂಚಿಕೊಳ್ಳದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಸಣ್ಣ ಲೆಕ್ಕ. ಅಂಗಡಿಯಲ್ಲಿ ಒಂದು ವಾರ 10 ಡಬ್ಬ ಜಾಸ್ತಿ ಮಾರಾಟವಾಯಿತು ಅಂದುಕೊಳ್ಳಿ. ಇರಲಿ ಅಂತ ಅಂಗಡಿಯವರು 15 ಜಾಸ್ತಿ ಆರ್ಡರ್ ಮಾಡುತ್ತಾರೆ. ಅದನ್ನು ನೋಡಿ ವಿತರಕರು 25, ಕಾರ್ಖಾನೆಯವರು 40. ಮುಂದಿನ ವಾರ ಮಾರಾಟ ಮೊದಲಿನಂತಾದರೆ ಎಲ್ಲರ ಗೋದಾಮೂ ತುಂಬಿ, ಆರ್ಡರ್ ಪೂರ್ತಿ ನಿಲ್ಲುತ್ತದೆ. ಚಾಟಿಯ ಹಿಡಿ ಸ್ವಲ್ಪ ಅಲುಗಿದರೆ ತುದಿ ಜೋರಾಗಿ ಬೀಸಿದ ಹಾಗೆ. ಇದಕ್ಕೆ ಮದ್ದು ಸರಳ: ಅಂಗಡಿಯಲ್ಲಿ ನಿಜವಾಗಿ ಎಷ್ಟು ಮಾರಾಟವಾಯಿತು ಎಂಬ ಬಾರ್‌ಕೋಡ್ ಲೆಕ್ಕ ಕಾರ್ಖಾನೆಯವರೆಗೂ ಎಲ್ಲರಿಗೂ ಕಾಣಬೇಕು.

ಎಐ ಹಿಂದಿನದನ್ನು ನೋಡಿ ಮುಂದಿನದನ್ನು ಅಂದಾಜಿಸುತ್ತದೆ. ಮಾಮೂಲಿ ದಿನಗಳಲ್ಲಿ ಅದು ನಿಜಕ್ಕೂ ಉಪಯೋಗಿ. ಆದರೆ ಕೋವಿಡ್ ಲಾಕ್‌ಡೌನ್ ಶುರುವಾದ 2020ರ ಮಾರ್ಚಿನಂಥ ತಿಂಗಳು ಅದರ ಹಳೆಯ ಲೆಕ್ಕದಲ್ಲಿ ಇರುವುದೇ ಇಲ್ಲ. ಅಂಥ ಹೊತ್ತಿನಲ್ಲಿ ಅನುಭವಸ್ಥರ ಕೈಗೆ ಚುಕ್ಕಾಣಿ ಬಿಡಬೇಕು.

ಕಂಪ್ಯೂಟರೇ ಕೈಕೊಟ್ಟರೆ?

ಪ್ರಶ್ನೆ ಕೇಳುವವರು ಹೆಚ್ಚಾಗಿ ಈ ಭಾಗವನ್ನು ಬಿಡುತ್ತಾರೆ. 2022ರ ಮಾರ್ಚ್ 1ರಂದು ಟೊಯೋಟಾ ಜಪಾನಿನ ತನ್ನ 14 ಘಟಕಗಳನ್ನೂ ನಿಲ್ಲಿಸಿತು. ಸೈಬರ್ ದಾಳಿ ಆಗಿದ್ದು ಟೊಯೋಟಾ ಮೇಲಲ್ಲ, ಬಿಡಿಭಾಗ ಕೊಡುವ ಕೊಜಿಮಾ ಎಂಬ ಕಂಪನಿಯ ಮೇಲೆ. 2023ರ ಆಗಸ್ಟ್ ಕೊನೆಗೆ ಮತ್ತೆ ಘಟಕಗಳು ನಿಂತವು. ಈ ಸಲ ದಾಳಿಯೂ ಇಲ್ಲ. ಬಿಡಿಭಾಗಗಳ ಆರ್ಡರ್ ನೋಡಿಕೊಳ್ಳುವ ಸರ್ವರ್‌ನಲ್ಲಿ ನಿರ್ವಹಣೆ ಕೆಲಸದ ವೇಳೆ ಡಿಸ್ಕ್ ಜಾಗ ಸಾಲದೇ ಹೋಯಿತು. ಬದಲಿ ಸರ್ವರ್‌ಗಳೂ ಅದೇ ವ್ಯವಸ್ಥೆಯಲ್ಲಿದ್ದವು, ಅಲ್ಲೂ ಅದೇ ತೊಂದರೆ.

2017ರ ಜೂನ್ 27ರಂದು ಮಾರ್ಸ್ಕ್ ಹಡಗು ಕಂಪನಿಗೆ ನಾಟ್‌ಪೆಟ್ಯಾ ಎಂಬ ಕುತಂತ್ರಾಂಶ ಬಡಿಯಿತು. ಯಾವ ಕಂಟೇನರ್‌ನಲ್ಲಿ ಏನಿದೆ, ಎಲ್ಲಿಗೆ ಹೋಗಬೇಕು ಎಂದು ಬಂದರಿನವರಿಗೆ ತಿಳಿಯುತ್ತಿರಲಿಲ್ಲ. ಲಾರಿಗಳು ಗೇಟಿನ ಮುಂದೆ ಸಾಲುಗಟ್ಟಿದವು. ಜಾಲದೊಳಗೆ ಯಾರನ್ನು ಬಿಡಬೇಕೆಂದು ನಿರ್ಧರಿಸುವ ಮುಖ್ಯ ಸರ್ವರ್‌ಗಳು ಹಲವು ದೇಶಗಳಲ್ಲಿದ್ದವು. ಒಂದು ಕೆಟ್ಟರೆ ಇನ್ನೊಂದರಿಂದ ನಕಲು ಮಾಡಬಹುದು ಎಂಬ ಧೈರ್ಯ ಇತ್ತು. ಎಲ್ಲವೂ ಒಟ್ಟಿಗೆ ಅಳಿಸಿಹೋದವು. ಉಳಿದಿದ್ದು ಒಂದೇ, ಘಾನಾ ದೇಶದ ಕಚೇರಿಯಲ್ಲಿ. ದಾಳಿ ನಡೆದಾಗ ಅಲ್ಲಿ ಕರೆಂಟ್ ಹೋಗಿದ್ದರಿಂದ ಆ ಸರ್ವರ್ ಜಾಲದಿಂದ ಹೊರಗಿತ್ತು. ಅದರಲ್ಲಿದ್ದ ದತ್ತಾಂಶವನ್ನು ಇಂಟರ್ನೆಟ್‌ನಲ್ಲಿ ಕಳಿಸಲು ಹಲವು ದಿನ ಹಿಡಿಯುತ್ತಿತ್ತು. ಕೊನೆಗೆ ಒಬ್ಬರು ಹಾರ್ಡ್ ಡ್ರೈವ್ ಹಿಡಿದು ನೈಜೀರಿಯಾಕ್ಕೆ ವಿಮಾನ ಹತ್ತಿದರು. ಅಲ್ಲಿ ಅದನ್ನು ಪಡೆದ ಇನ್ನೊಬ್ಬರು ಇಂಗ್ಲೆಂಡಿಗೆ ಒಯ್ದರು. ಹತ್ತು ದಿನದಲ್ಲಿ 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಮತ್ತೆ ಸಿದ್ಧಪಡಿಸಿದರು. ಅಲ್ಲಿಯವರೆಗೆ ಕಾಗದ ಮತ್ತು ವಾಟ್ಸಾಪ್‌ನಲ್ಲಿ ಕೆಲಸ ನಡೆಯಿತು. ನಷ್ಟ 25ರಿಂದ 30 ಕೋಟಿ ಡಾಲರ್ ಎಂದು ಕಂಪನಿಯೇ ಅಂದಾಜಿಸಿತು.

ಎಲ್ಲಿಂದ ಶುರು ಮಾಡಬೇಕು?

ನೀವು ಸಣ್ಣ ವ್ಯವಹಾರ ನಡೆಸುವವರಾದರೆ ದುಬಾರಿ ಸಾಫ್ಟ್‌ವೇರ್ ಕೊಳ್ಳಲು ಅವಸರ ಬೇಡ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಪರಿಸ್ಥಿತಿ ಬರಬಾರದು, ಅಷ್ಟೇ. ನಿಮಗೆ ಅತಿ ಮುಖ್ಯವಾದ ಒಂದೇ ಒಂದು ಉತ್ಪನ್ನ ಆರಿಸಿಕೊಳ್ಳಿ. ಅದಕ್ಕೆ ಬೇಕಾದ ಎಲ್ಲವನ್ನೂ ಒಂದು ಸ್ಪ್ರೆಡ್‌ಶೀಟ್‌ನಲ್ಲಿ ಬರೆಯಿರಿ. ಪ್ಯಾಕಿಂಗ್ ಡಬ್ಬ, ಲೇಬಲ್, ಅಂಟು ಸಹ. ಪ್ರತಿಯೊಂದರ ಎದುರು ಯಾರು ಕೊಡುತ್ತಾರೆ, ಬೇರೆ ಯಾರು ಕೊಡಬಲ್ಲರು, ಎಷ್ಟು ವಾರದ ಸ್ಟಾಕ್ ಇದೆ, ಅವರು ನಿಂತರೆ ಎಷ್ಟು ವಾರ ಬೇಕು ಎಂದು ಬರೆಯಿರಿ. "ಬೇರೆ ಯಾರು" ಎಂಬ ಕಾಲಂ ಖಾಲಿ ಉಳಿದ ಕಡೆ ಮೊದಲು ಗಮನ ಕೊಡಿ. ಸಾಫ್ಟ್‌ವೇರ್ ಮಾರುವವರು ಬಂದರೆ ಒಂದು ಪ್ರಶ್ನೆ ಕೇಳಿ: ಇದು ಎಚ್ಚರಿಕೆ ಕೊಟ್ಟಾಗ ನಮ್ಮಲ್ಲಿ ಯಾರು, ಏನು ಮಾಡಬೇಕು? ಆ ವ್ಯಕ್ತಿಗೆ ಮೇಲಿನವರ ಸಹಿಗೆ ಕಾಯದೆ ಎಷ್ಟು ಹಣ ಖರ್ಚು ಮಾಡಬಹುದು ಎಂದು ಮೊದಲೇ ತಿಳಿಸಿರಿ.

ದತ್ತಾಂಶದ ಒಂದು ಪ್ರತಿಯನ್ನು ಜಾಲಕ್ಕೆ ಸಿಗದ ಕಡೆ ಇಡಿ. ಪೂರೈಕೆದಾರರ, ಲಾರಿಯವರ, ಗೋದಾಮಿನವರ ಫೋನ್ ನಂಬರ್‌ಗಳನ್ನು ಕಾಗದದ ಮೇಲೆ ಪ್ರಿಂಟ್ ಹಾಕಿ. ವರ್ಷಕ್ಕೆ ಒಂದು ದಿನ ಸಿಸ್ಟಂ ಬಂದ್ ಮಾಡಿ, ಆ ಕಾಗದ ಹಿಡಿದು ಕೆಲಸ ನಡೆಸಿ ನೋಡಿ. ಯಾವ ನಂಬರ್ ಬದಲಾಗಿದೆ, ಯಾರು ಕೆಲಸ ಬಿಟ್ಟು ಹೋಗಿದ್ದಾರೆ ಎಂದು ಮಧ್ಯಾಹ್ನದೊಳಗೆ ಗೊತ್ತಾಗುತ್ತದೆ.