ರಾಜನ ಕಿರೀಟ ಸವೆದರೂ ಇಸವಿ ಉಳಿಯುವುದೇಕೆ?

ಪುಣೆಯ ಕನ್ನಡ ಮನೆಗಳಲ್ಲಿ ವರಮಹಾಲಕ್ಷ್ಮಿ ಹಬ್ಬಕ್ಕೋ ದೀಪಾವಳಿಯ ಲಕ್ಷ್ಮೀಪೂಜೆಗೋ ಹೊರಬರುವ ಅಜ್ಜಿಯ ಕಾಲದ ಬೆಳ್ಳಿ ರೂಪಾಯಿಯನ್ನು ಒಮ್ಮೆ ಬೆಳಕಿಗೆ ಓರೆಯಾಗಿ ಹಿಡಿದು ನೋಡಿ. ಐದನೇ ಜಾರ್ಜನ ಕಿರೀಟದ ಕುಸುರಿ ಕರಗಿ ನುಣ್ಣಗಾಗಿರುತ್ತದೆ, ಕಿವಿಯ ಗೆರೆ ಮಾಸಿರುತ್ತದೆ. ಹಿಂಬದಿಯ ಇಸವಿಯನ್ನು ಮಾತ್ರ ಕನ್ನಡಕವಿಲ್ಲದೆ ಓದಬಹುದು.

ಅಚ್ಚಿನಲ್ಲಿ ಯಾವುದು ಹೆಚ್ಚು ಉಬ್ಬಿದೆಯೋ ಅದೇ ಬೆರಳಿಗೆ, ಜೇಬಿಗೆ, ಪಕ್ಕದ ನಾಣ್ಯಕ್ಕೆ ಮೊದಲು ತಗಲುವುದು. ಅಂಚಿನ ಏಣು ಚಿತ್ರಕ್ಕಿಂತ ಎತ್ತರವಿದ್ದರೆ ಉಜ್ಜಾಟವನ್ನು ಅದು ತಾಳಿಕೊಳ್ಳುತ್ತದೆ. 11.66 ಗ್ರಾಂ ತೂಕದ ಆ ರೂಪಾಯಿಯಲ್ಲಿ ನೂರಕ್ಕೆ ಸುಮಾರು 91.7 ಪಾಲು ಬೆಳ್ಳಿ, ಮೆತ್ತನೆಯ ಲೋಹ. ಪೂಜೆಯ ನಾಣ್ಯಕ್ಕೆ ಇನ್ನೊಂದು ಕಷ್ಟವಿದೆ: ವರ್ಷವರ್ಷ ವಿಭೂತಿ, ಹುಣಸೆಹಣ್ಣು ಹಾಕಿ ಬೆಳಗುತ್ತೇವೆ. ಪೇಟೆಯಲ್ಲಿ ಓಡಾಡದ ನಾಣ್ಯವೂ ಹೀಗೆ ಮನೆಯಲ್ಲೇ ಸವೆಯುತ್ತದೆ. ದಯವಿಟ್ಟು ಬೆಳಗಬೇಡಿ, ಕಪ್ಪಾಗಿದ್ದರೆ ಇರಲಿ.

1911ರ ರೂಪಾಯಿಯಲ್ಲಿ ರಾಜನ ನಿಲುವಂಗಿಯ ಮೇಲಿನ ಪುಟ್ಟ ಆನೆಯ ಸೊಂಡಿಲು ಮೋಟಾಗಿ, ಜನರ ಕಣ್ಣಿಗೆ ಅದು ಹಂದಿಯಂತೆ ಕಂಡು ಗದ್ದಲವಾಯಿತು. 1912ರಲ್ಲಿ ಅಚ್ಚು ತಿದ್ದಿದರು. ಸಂಗ್ರಾಹಕರು ಇಂದಿಗೂ ಮಸೂರ ಹಿಡಿದು ಮೊದಲು ಆ ಆನೆಯನ್ನೇ ಹುಡುಕುತ್ತಾರೆ. ತುಂಬ ಸವೆದ ನಾಣ್ಯದಲ್ಲಿ ಸೊಂಡಿಲೂ ಇಲ್ಲ, ಆನೆಯೂ ಇಲ್ಲ. ಆಗ ಇಸವಿಯೇ ಗತಿ.

ಇಸವಿಯೇ ಎತ್ತರದ ಜಾಗದಲ್ಲಿದ್ದರೆ? ಅಮೆರಿಕದಲ್ಲಿ ಹಾಗೇ ಆಯಿತು. ಜೇಮ್ಸ್ ಅರ್ಲ್ ಫ್ರೇಸರ್ ರೂಪಿಸಿದ, 1913ರಲ್ಲಿ ಬಂದ ಎಮ್ಮೆಗೂಳಿಯ ಐದು ಸೆಂಟ್ ನಾಣ್ಯದಲ್ಲಿ ಇಸವಿ ಕೂತದ್ದು ಮೂಲನಿವಾಸಿಯ ಉಬ್ಬಿದ ಭುಜದ ಮೇಲೆ. ಹಿಂಬದಿಯ ಬೆಲೆಯ ಅಕ್ಷರಗಳು ಸವೆಯುತ್ತವೆಂದು ಅದೇ ವರ್ಷ ಅವನ್ನು ತಗ್ಗಿಗಿಳಿಸಿದರು. ಇಸವಿಯ ತೊಂದರೆ ಮಾತ್ರ 1938ರಲ್ಲಿ ಆ ವಿನ್ಯಾಸ ನಿಲ್ಲುವವರೆಗೂ ಪೂರ್ತಿ ತೀರಲಿಲ್ಲ. 1916ರ, ನಿಂತ ಲಿಬರ್ಟಿಯ (ಸ್ವಾತಂತ್ರ್ಯದೇವಿಯ) ಚಿತ್ರವಿರುವ ಕಾಲು ಡಾಲರ್‌ನದೂ ಅದೇ ಕಥೆ, ಆದರೆ ಅಲ್ಲಿ 1925ರಲ್ಲಿ ಇಸವಿಯನ್ನು ತಗ್ಗಿಸಿ ಉಳಿಸಿಕೊಂಡರು. ಅಳಿಸಿಹೋದ ಇಸವಿಯನ್ನು ಕೆಲವರು ರಾಸಾಯನಿಕ ಹಚ್ಚಿ ಎಬ್ಬಿಸುತ್ತಾರೆ. ಅಂಕೆ ಮಸುಕಾಗಿ ಮೂಡುತ್ತದೆ, ನಾಣ್ಯದ ಮೈ ಮಾತ್ರ ಕೆಟ್ಟುಹೋಗುತ್ತದೆ.

ಸವೆತವನ್ನೇ ಓದುವ ವಿದ್ಯೆ ಬೆಳೆದದ್ದು ನಮ್ಮ ಪುಣೆಯಲ್ಲಿ ಎಂಬುದು ನನಗೆ ಹೆಮ್ಮೆಯ ಸಂಗತಿ. ಗೋವಾದಲ್ಲಿ ಹುಟ್ಟಿ ಫರ್ಗ್ಯುಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದ ಡಿ.ಡಿ. ಕೋಸಂಬಿ, 1940ರ ದಶಕದಲ್ಲಿ ಪ್ರಾಚೀನ ಬೆಳ್ಳಿ ಮುದ್ರಾಂಕಿತ ನಾಣ್ಯಗಳನ್ನು ಒಂದೊಂದಾಗಿ ತೂಗಲು ಕೂತರು. ಆ ನಾಣ್ಯಗಳಲ್ಲಿ ರಾಜನ ಹೆಸರಿಲ್ಲ, ಇಸವಿಯಿಲ್ಲ, ಬರೀ ಸೂರ್ಯ, ಬೆಟ್ಟ, ಪ್ರಾಣಿಗಳ ಗುರುತು. ಟಂಕಿಸುವಾಗ ಎಲ್ಲವೂ ಹೆಚ್ಚುಕಡಿಮೆ ಒಂದೇ ತೂಕದವಾಗಿದ್ದರೆ, ಕಳೆದುಕೊಂಡ ತೂಕವೇ ಎಷ್ಟು ಕಾಲ ಕೈಬದಲಿಸಿದವೆಂದು ಹೇಳಬೇಕಲ್ಲವೇ? ಈ ಲೆಕ್ಕ ಸರಿಯೇ ಎಂದು ನೋಡಲು ಅವರು ತಮ್ಮ ಕಾಲದ ಚಲಾವಣೆಯ ನಾಣ್ಯಗಳನ್ನೂ ಸಾವಿರಗಟ್ಟಲೆ ತೂಗಿದರು. ಕಾಲ ಕಳೆದಂತೆ ಸರಾಸರಿ ತೂಕ ಇಳಿಯುತ್ತಿತ್ತು, ನಾಣ್ಯ ನಾಣ್ಯದ ನಡುವಿನ ಅಂತರ ಹೆಚ್ಚುತ್ತಿತ್ತು. ತಕ್ಷಶಿಲೆಯ ನಿಧಿಯಲ್ಲಿ, ಹಿಂಬದಿಯ ಸಣ್ಣ ಮುದ್ರೆಗಳು ಹೆಚ್ಚಿದಷ್ಟೂ ನಾಣ್ಯ ಹಗುರವಾಗಿತ್ತು. ಅಂದರೆ ಆ ಮುದ್ರೆಗಳು ಟಂಕಸಾಲೆಯವಲ್ಲ, ಚಲಾವಣೆಯ ನಡುವೆ ಪರೀಕ್ಷಿಸಿದವರು ಕಾಲಕಾಲಕ್ಕೆ ಒತ್ತಿದವು ಎಂದು ಕೋಸಂಬಿ ವಾದಿಸಿದರು.