ಆಂಟಿಬಯೋಟಿಕ್‌ನಿಂದ ಹೊಟ್ಟೆ ಕೆಟ್ಟರೆ ಮೊಸರು ಸಾಕೇ?

ಪ್ರಶ್ನೆ: ಗಂಟಲು ಬೇನೆಗೋ ಹಲ್ಲಿನ ಸೋಂಕಿಗೋ ಆಂಟಿಬಯೋಟಿಕ್ ತೆಗೆದುಕೊಂಡಾಗಲೆಲ್ಲ ನನಗೆ ಭೇದಿ ಶುರುವಾಗುತ್ತದೆ. ಮೊಸರು ತಿಂದರೆ ಸತ್ತುಹೋದ ಒಳ್ಳೆಯ ಬ್ಯಾಕ್ಟೀರಿಯಾ ಮರಳಿ ಬರುತ್ತವೆ ಎಂದು ಮನೆಯಲ್ಲಿ ಹೇಳುತ್ತಾರೆ. ಇದು ಎಷ್ಟು ನಿಜ?

ಉತ್ತರ: ಮೊಸರು ಹೊಟ್ಟೆಗೆ ಹಿತವಾದ ಆಹಾರವೇ ಹೌದು, ಆದರೆ ಔಷಧದಿಂದ ನಾಶವಾದ ಜೀವಿಗಳನ್ನು ಅದು ಮರಳಿ ತರಲಾರದು. ಹಾಲನ್ನು ಹೆಪ್ಪುಗಟ್ಟಿಸುವ ಬ್ಯಾಕ್ಟೀರಿಯಾಗಳೇ ಬೇರೆ, ನಮ್ಮ ದೊಡ್ಡ ಕರುಳಿನಲ್ಲಿ ನೆಲೆಸಿರುವ ನೂರಾರು ಪ್ರಭೇದಗಳೇ ಬೇರೆ. ಮೊದಲಿನವು ಹಾಲಿಗೆ ಒಗ್ಗಿದವು, ಕರುಳಿನಲ್ಲಿ ನೆಲೆಯೂರದೆ ಕೆಲವೇ ದಿನಗಳಲ್ಲಿ ಹೊರಹೋಗುತ್ತವೆ. ಎರಡನೆಯವುಗಳಲ್ಲಿ ಹೆಚ್ಚಿನವು ಆಮ್ಲಜನಕವಿರುವಲ್ಲಿ ಬದುಕಲಾರವು, ಆದ್ದರಿಂದ ಮೊಸರಿನ ಪಾತ್ರೆಯಲ್ಲಿ ಅವು ಸಿಗುವುದೇ ಇಲ್ಲ.

ಇಸ್ರೇಲಿನ ವೈಜ್‌ಮನ್ ಸಂಸ್ಥೆಯ ವಿಜ್ಞಾನಿಗಳು 2016ರಲ್ಲಿ ಹಾಕಿದ ಲೆಕ್ಕದಂತೆ, ವಯಸ್ಕ ದೇಹದಲ್ಲಿ ಸುಮಾರು 38 ಲಕ್ಷ ಕೋಟಿ ಬ್ಯಾಕ್ಟೀರಿಯಾಗಳಿವೆ; ಅವುಗಳ ಒಟ್ಟು ತೂಕ ಸುಮಾರು 200 ಗ್ರಾಂ. ನಾವು ಜೀರ್ಣಿಸಿಕೊಳ್ಳಲಾಗದ ನಾರಿನಂಶವನ್ನು ಇವು ಹುಳಿಯಿಸಿ ಬ್ಯುಟಿರೇಟ್‌ನಂಥ ಆಮ್ಲಗಳನ್ನು ತಯಾರಿಸುತ್ತವೆ, ದೊಡ್ಡ ಕರುಳಿನ ಒಳಪದರದ ಕೋಶಗಳಿಗೆ ಮುಖ್ಯ ಇಂಧನವೇ ಅದು. ಆಂಟಿಬಯೋಟಿಕ್ ರೋಗಾಣುವಿನ ಜೊತೆಗೆ ಇವನ್ನೂ ಕೊಲ್ಲುವುದರಿಂದ ಈ ಕೆಲಸ ಕುಂಠಿತವಾಗಿ, ಅರಗದೆ ಉಳಿದ ಶರ್ಕರಪಿಷ್ಟಗಳು ಕರುಳಿಗೆ ನೀರನ್ನು ಎಳೆದುಕೊಳ್ಳುತ್ತವೆ. ಸಾಮಾನ್ಯವಾಗಿ ಕಾಣುವ ಸೌಮ್ಯ ಭೇದಿಗೆ ಇದೊಂದು ಮುಖ್ಯ ಕಾರಣ. ಮಾತ್ರೆಯ ಅವಧಿ ಮುಗಿದ ಕೆಲವು ದಿನಗಳಲ್ಲಿ ಅದು ತಾನಾಗಿ ನಿಲ್ಲುತ್ತದೆ.

ನಿಜವಾಗಿ ಚಿಂತಿಸಬೇಕಾದದ್ದು ಇನ್ನೊಂದು ನಷ್ಟದ ಬಗ್ಗೆ. ಕರುಳಿನ ನಿವಾಸಿಗಳು ಹೊರಗಿನ ರೋಗಾಣುಗಳಿಗೆ ಜಾಗವನ್ನೂ ಆಹಾರವನ್ನೂ ಬಿಟ್ಟುಕೊಡುವುದಿಲ್ಲ. ಮಾರ್ಜರಿ ಬಾನ್‌ಹಾಫ್ ಮತ್ತು ಫಿಲಿಪ್ ಮಿಲ್ಲರ್ 1950-60ರ ದಶಕಗಳಲ್ಲಿ ಇದನ್ನು ಇಲಿಗಳಲ್ಲಿ ತೋರಿಸಿದರು: ಸೋಂಕು ಹತ್ತಲು ಸುಮಾರು 1 ಲಕ್ಷ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಬೇಕಿದ್ದ ಇಲಿಗಳಿಗೆ, ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯೋಟಿಕ್ ಕೊಟ್ಟ ಮೇಲೆ ಹತ್ತಕ್ಕಿಂತ ಕಡಿಮೆ ಸಾಕಾಯಿತು. ಮನುಷ್ಯರಲ್ಲಿ ಇಂಥ ಅವಕಾಶವನ್ನು ಬಳಸಿಕೊಳ್ಳುವುದು ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸೈಲ್ ಎಂಬ ಬ್ಯಾಕ್ಟೀರಿಯಾ. ಪಿತ್ತರಸದ ಕೆಲವು ಆಮ್ಲಗಳು ಇದರ ಬೀಜಕಗಳನ್ನು (ಗಟ್ಟಿ ಕವಚದೊಳಗೆ ನಿದ್ರಿಸುವ ರೂಪ) ಮೊಳೆಯಿಸುತ್ತವೆ. ಆರೋಗ್ಯವಂತ ಕರುಳಿನಲ್ಲಿ ಬ್ಯಾಕ್ಟೀರಿಯಾಗಳು ಅದೇ ಆಮ್ಲಗಳನ್ನು ಮಾರ್ಪಡಿಸಿ, ಅದರ ಬೆಳವಣಿಗೆಯನ್ನೇ ತಡೆಯುವ ರೂಪಕ್ಕೆ ತರುತ್ತವೆ. ಮಾರ್ಪಡಿಸುವವರು ಸತ್ತಾಗ ಬೀಜಕಗಳು ಎದ್ದು, ವಿಷ ಸ್ರವಿಸಿ, ಕರುಳನ್ನು ಉರಿಯೂತಕ್ಕೆ ದೂಡುತ್ತವೆ.

ಈ ಸೋಂಕು ಪದೇ ಪದೇ ಮರುಕಳಿಸುತ್ತಿದ್ದ 16 ರೋಗಿಗಳಿಗೆ ಆಮ್‌ಸ್ಟರ್‌ಡ್ಯಾಮಿನ ವೈದ್ಯರು ಆರೋಗ್ಯವಂತ ದಾನಿಗಳ ಮಲದ ದ್ರಾವಣವನ್ನು ನಳಿಕೆಯ ಮೂಲಕ ಕರುಳಿಗೆ ಸೇರಿಸಿದಾಗ, ಒಂದೇ ಬಾರಿಗೆ 13 ಮಂದಿ ಗುಣಮುಖರಾದರು. ವ್ಯಾಂಕೊಮೈಸಿನ್ ಎಂಬ ಆಂಟಿಬಯೋಟಿಕ್ ಮಾತ್ರ ಪಡೆದ 13 ಮಂದಿಯಲ್ಲಿ ಗುಣವಾದವರು ನಾಲ್ವರು. 2013ರಲ್ಲಿ ಪ್ರಕಟವಾದ ಈ ಫಲಿತಾಂಶ ಕೇಳಲು ಹೇಸಿಗೆ ಅನ್ನಿಸಬಹುದು, ಆದರೆ ನನ್ನ ದೃಷ್ಟಿಯಲ್ಲಿ ಇಡೀ ವಿಷಯಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇರೆ ಇಲ್ಲ: ಗುಣಪಡಿಸಿದ್ದು ಒಂದೆರಡು ಒಳ್ಳೆಯ ಬ್ಯಾಕ್ಟೀರಿಯಾಗಳಲ್ಲ, ಇಡೀ ಸಮುದಾಯ.

ಔಷಧದಂಗಡಿಯ, ಜೀವಂತ ಸೂಕ್ಷ್ಮಜೀವಿಗಳಿರುವ ಪ್ರೊಬಯೋಟಿಕ್ ಕ್ಯಾಪ್ಸೂಲ್‌ಗಳನ್ನೂ ಈ ಬೆಳಕಿನಲ್ಲೇ ನೋಡಬೇಕು. ಕೆಲವು ನಿರ್ದಿಷ್ಟ ತಳಿಗಳು ಆಂಟಿಬಯೋಟಿಕ್ ಭೇದಿಯನ್ನು, ವಿಶೇಷವಾಗಿ ಮಕ್ಕಳಲ್ಲಿ, ತಗ್ಗಿಸುತ್ತವೆ. ಆದರೆ ಭೇದಿ ತಗ್ಗುವುದೂ ಸಮುದಾಯ ಚೇತರಿಸಿಕೊಳ್ಳುವುದೂ ಒಂದೇ ಅಲ್ಲ. ವೈಜ್‌ಮನ್ ಸಂಸ್ಥೆಯದೇ 2018ರ ಇನ್ನೊಂದು ಅಧ್ಯಯನದಲ್ಲಿ, ಆಂಟಿಬಯೋಟಿಕ್ ನಂತರ ಪ್ರೊಬಯೋಟಿಕ್ ಸೇವಿಸಿದವರ ಕರುಳಿನ ಮೂಲನಿವಾಸಿಗಳು ಏನನ್ನೂ ಸೇವಿಸದವರಿಗಿಂತ ತಡವಾಗಿ ಮರಳಿದವು. ಅದರಲ್ಲಿ ಪಾಲ್ಗೊಂಡವರು 21 ಮಂದಿ ಮಾತ್ರ, ಹಾಗಾಗಿ ಅದನ್ನು ಕೊನೆಯ ತೀರ್ಪೆಂದು ಭಾವಿಸಬಾರದು.

ಹಾಗಾದರೆ ನೀವು ಮಾಡಬೇಕಾದದ್ದೇನು? ವೈರಸ್ಸಿನಿಂದ ಬರುವ ನೆಗಡಿಗೆ, ಬಹುಪಾಲು ಗಂಟಲು ಬೇನೆಗೆ ಆಂಟಿಬಯೋಟಿಕ್ ಏನನ್ನೂ ಮಾಡದು. ಹಳೆಯ ಚೀಟಿ ತೋರಿಸಿ ಮಾತ್ರೆ ಕೊಳ್ಳುವುದನ್ನು ದಯವಿಟ್ಟು ಬಿಡಿ. ಅಗತ್ಯವಿದ್ದು ವೈದ್ಯರು ಬರೆದುಕೊಟ್ಟಿದ್ದರೆ, ಭೇದಿಯಾಯಿತೆಂದು ನೀವಾಗಿ ನಿಲ್ಲಿಸದೆ ಅವರನ್ನು ಕೇಳಿ, ಓಆರ್‌ಎಸ್ ಕುಡಿಯಿರಿ. ಮೊಸರನ್ನ, ಮಜ್ಜಿಗೆ ಧಾರಾಳವಾಗಿ ತೆಗೆದುಕೊಳ್ಳಬಹುದು, ಆದರೆ ಸಿಪ್ರೊಫ್ಲಾಕ್ಸಸಿನ್ ಮಾತ್ರೆಯ ಜೊತೆಗೆ ಬೇಡ: ಮೊಸರಿನ ಕ್ಯಾಲ್ಸಿಯಂ ಆ ಔಷಧವನ್ನು ಹಿಡಿದಿಟ್ಟು ರಕ್ತಕ್ಕೆ ಸೇರದಂತೆ ಮಾಡುತ್ತದೆ, ಆದ್ದರಿಂದ ಮಾತ್ರೆ ನುಂಗಿ ಎರಡು ಗಂಟೆಯಾದರೂ ಕಳೆಯಲಿ. ಮಲದಲ್ಲಿ ರಕ್ತ, ಜ್ವರ, ತೀವ್ರ ಹೊಟ್ಟೆನೋವು ಅಥವಾ ದಿನಕ್ಕೆ ಮೂರಕ್ಕಿಂತ ಹೆಚ್ಚು ಬಾರಿ ನೀರು ಭೇದಿ ಕಂಡರೆ, ಭೇದಿ ನಿಲ್ಲಿಸುವ ಮಾತ್ರೆಯನ್ನು ನೀವಾಗಿ ನುಂಗದೆ ವೈದ್ಯರಲ್ಲಿಗೆ ಹೋಗಿ. ಡಿಫಿಸೈಲ್ ಸೋಂಕು ಔಷಧ ಮುಗಿದು ಕೆಲವು ವಾರಗಳಾದ ಮೇಲೂ ತಲೆದೋರಬಲ್ಲದು. ಹಾಗಾಗಿ ಹಿಂದೆ ಯಾವ ಆಂಟಿಬಯೋಟಿಕ್ ತೆಗೆದುಕೊಂಡಿದ್ದಿರಿ ಎಂಬುದನ್ನು ಅವರಿಗೆ ತಪ್ಪದೆ ಹೇಳಿ.