ವಿಮಾನ ಉಳಿಯಿತು, ಲಾಗ್‌ಬುಕ್ ಎಲ್ಲಿ?

ವಾಯುಪಡೆಯ ಚರಿತ್ರೆ ಉಳಿಸಬೇಕು ಎಂದೊಡನೆ ಕಣ್ಣಮುಂದೆ ಬರುವುದು ಕಟ್ಟೆಯ ಮೇಲೆ ಮೂತಿ ಎತ್ತಿ ನಿಂತ ಹಳೇ ಯುದ್ಧವಿಮಾನ. ಉಡುಪಿ, ಮಂಗಳೂರಿನವರು ಇದನ್ನೆಲ್ಲ ನೋಡಲು ಕಾರವಾರಕ್ಕೋ ಗೋವಾಕ್ಕೋ ಬೆಂಗಳೂರಿಗೋ ಹೋಗಬೇಕು. ನಮ್ಮೂರಲ್ಲೂ ಒಂದಿರಲಿ ಎಂಬ ಆಸೆ ಸಹಜವೇ. ಆದರೆ ಇಲ್ಲಿ ಕಳೆದುಹೋಗುತ್ತಿರುವುದು ವಿಮಾನವಲ್ಲ, ಅದನ್ನು ಹಾರಿಸಿದವರ, ದುರಸ್ತಿ ಮಾಡಿದವರ ಮನೆಯಲ್ಲಿರುವ ಕಾಗದಪತ್ರ.

ಚರಿತ್ರೆ ಹೀಗೆ ಕೈಜಾರುವುದು ಹೊಸದೇನಲ್ಲ. ಟಿಪ್ಪು ಕಾಲದ ಮೈಸೂರಿನ ಕಬ್ಬಿಣದ ಕೊಳವೆಯ ರಾಕೆಟ್‌ಗಳಲ್ಲಿ ಕೆಲವು ಬ್ರಿಟಿಷರ ಜೊತೆಗಿನ ಯುದ್ಧದ ಬಳಿಕ ಲಂಡನ್ನಿನ ವೂಲಿಚ್ ಶಸ್ತ್ರಾಗಾರ ಸೇರಿದವು. ಅವನ್ನು ನೋಡಿಯೇ ಬ್ರಿಟಿಷರು ತಮ್ಮ ರಾಕೆಟ್ ರೂಪಿಸಿಕೊಂಡರು. ನಮ್ಮ ನೆಲದಲ್ಲೇ ಉಳಿದವು ಕಣ್ಣಿಗೆ ಬೀಳಲು ಇನ್ನೂರು ವರ್ಷ ಹಿಡಿಯಿತು. ಕುಂದಾಪುರದ ಕಡೆಯಿಂದ ಬಾಳೆಬರೆ ಘಾಟಿ ಹತ್ತಿದರೆ ಸಿಗುವ, ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನಲ್ಲಿ, 2018ರಲ್ಲಿ, ಒಂದು ಪಾಳುಬಾವಿಯ ಕೆಸರಿನಿಂದ ಸಾವಿರಕ್ಕೂ ಹೆಚ್ಚು ರಾಕೆಟ್‌ಗಳು ಹೊರಬಂದವು.

ಭಾರತೀಯ ವಾಯುಪಡೆ ಹುಟ್ಟಿದ್ದು 1932ರಲ್ಲಿ. ಸಂಗ್ರಹಾಲಯಗಳು ನಿಧಾನವಾಗಿ ಬಂದವು: ದೆಹಲಿಯ ಪಾಲಂ 1967, ಗೋವಾದ ದಾಬೋಲಿಂ 1998, ಬೆಂಗಳೂರಿನ ಎಚ್‌ಎಎಲ್ 2001. 2017ರಲ್ಲಿ ನಿವೃತ್ತವಾದ ನೌಕಾಪಡೆಯ ಟುಪೊಲೆವ್-142 ವಿಮಾನಗಳಲ್ಲಿ ಒಂದು ಈಗ ಕಾರವಾರದ ಕಡಲತೀರದಲ್ಲಿದೆ. ಉಪ್ಪುಗಾಳಿಯಲ್ಲಿ ಅಲ್ಯೂಮಿನಿಯಂ ಮೈಗೆ ಉಕ್ಕಿನ ಬೋಲ್ಟ್ ತಾಗಿದ ಕಡೆ ಲೋಹ ಬೇಗ ತಿಂದುಹೋಗುತ್ತದೆ. ಹಾಗಾಗಿ ವಿಮಾನ ತರುವ ಖರ್ಚಿಗಿಂತ ವರ್ಷವರ್ಷದ ಆರೈಕೆಯ ಖರ್ಚನ್ನು ಮೊದಲು ಲೆಕ್ಕ ಹಾಕಬೇಕು.

ಕಗ್ಗಂಟಾಗಿರುವುದು ಕಾಗದದ ವಿಷಯ. 1971ರ ಯುದ್ಧದ ಅಧಿಕೃತ ಇತಿಹಾಸವನ್ನು ರಕ್ಷಣಾ ಸಚಿವಾಲಯದ ಇತಿಹಾಸ ವಿಭಾಗವೇ ಬರೆಸಿತ್ತು. ಅದು ಪುಸ್ತಕವಾಗುವ ಮೊದಲೇ 2000ರಲ್ಲಿ ಅಂತರಜಾಲದಲ್ಲಿ ಹೊರಬಿತ್ತು. ಯುದ್ಧದಲ್ಲಿ ದುಡಿದವರು ತಮ್ಮದೇ ಕಥೆ ಓದಲು ಅಷ್ಟು ವರ್ಷ ಕಾಯಬೇಕಾಯಿತು! ಸಾರ್ವಜನಿಕ ದಾಖಲೆಗಳ ಕಾಯ್ದೆ 1993ರಲ್ಲೇ ಬಂದಿತ್ತು. ಯುದ್ಧದ ದಾಖಲೆಗಳನ್ನು ಬಹಿರಂಗಪಡಿಸುವ ನೀತಿ ಬೇಕೆಂದು ಕಾರ್ಗಿಲ್ ಪರಾಮರ್ಶೆ ಸಮಿತಿ ಹೇಳಿತ್ತು. ಆ ನೀತಿಗೆ ಒಪ್ಪಿಗೆ ಸಿಕ್ಕಿದ್ದು 2021ರ ಜೂನ್‌ನಲ್ಲಿ. ಅದರ ಪ್ರಕಾರ ದಾಖಲೆಗಳು ಸಾಮಾನ್ಯವಾಗಿ 25 ವರ್ಷಕ್ಕೆ ಬಹಿರಂಗವಾಗಬೇಕು. ಅದಕ್ಕೂ ಹಳೆಯವನ್ನು ತಜ್ಞರು ಪರಿಶೀಲಿಸಿ ರಾಷ್ಟ್ರೀಯ ಪತ್ರಾಗಾರಕ್ಕೆ ಕಳಿಸಬೇಕು.

ಈ ನೀತಿ ದೊಡ್ಡ ಹೆಜ್ಜೆ, ಅನುಮಾನವಿಲ್ಲ. ಆದರೆ ಅದು ಮುಟ್ಟುವುದು ಕಚೇರಿಯ ಕಡತಗಳನ್ನು: ಯುದ್ಧ ದಿನಚರಿ, ಕಾರ್ಯಾಚರಣೆಯ ದಾಖಲೆ ಪುಸ್ತಕ. ಪೈಲಟ್ ತನ್ನ ಪ್ರತಿ ಹಾರಾಟವನ್ನೂ ಕೈಯಾರೆ ಬರೆದಿಟ್ಟ ಲಾಗ್‌ಬುಕ್, ಊರಿಗೆ ಬಂದ ಇನ್‌ಲ್ಯಾಂಡ್ ಪತ್ರ, ತುಕಡಿಯವರ ಗುಂಪು ಫೋಟೊ ಇವೆಲ್ಲ ಮನೆಯ ಟ್ರಂಕಿನಲ್ಲೇ ಉಳಿದಿವೆ. ರಾತ್ರಿಯಿಡೀ ಎಂಜಿನ್ ಬಿಚ್ಚಿ ಜೋಡಿಸಿದ ಏರ್‌ಮನ್‌ಗಳ ಹೆಸರಂತೂ ಯುದ್ಧದ ಪುಸ್ತಕಗಳಲ್ಲಿ ಸಿಗುವುದೇ ಅಪರೂಪ. ಕರಾವಳಿಯಿಂದ ವಾಯುಪಡೆ ಸೇರಿದವರಲ್ಲಿ ಇಂಥ ಕೆಲಸದವರೂ ಇದ್ದಾರೆ.

ನಮ್ಮ ಆಟಿ ಮಳೆಯ ತೇವಕ್ಕೆ, ಒರಲೆಗೆ ಕಾಗದ ಎಷ್ಟು ವರ್ಷ ತಡೆದೀತು? 1971ರಲ್ಲಿ ಇಪ್ಪತ್ತರ ಹರೆಯದಲ್ಲಿದ್ದವರು ಈಗ ಎಪ್ಪತ್ತು ದಾಟಿದ್ದಾರೆ. ಗೋಪ್ಯ ಮುದ್ರೆ ಬಿದ್ದ ಕಾಗದವನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ನಿಜ. ಉಳಿದವನ್ನು ಸ್ಕ್ಯಾನ್ ಮಾಡಲು, ತುಳು, ಕೊಂಕಣಿ, ಬ್ಯಾರಿ, ಕುಂದಗನ್ನಡದಲ್ಲೇ ಅವರ ಮಾತನ್ನು ರೆಕಾರ್ಡ್ ಮಾಡಲು ದೆಹಲಿಯ ಅಪ್ಪಣೆ ಬೇಕಿಲ್ಲ. ಎರಡೂ ಜಿಲ್ಲೆಗಳ ಕಾಲೇಜುಗಳ ಇತಿಹಾಸ ವಿಭಾಗಗಳು ಈ ಮಳೆಗಾಲಕ್ಕೆ ಮೊದಲೇ ಶುರು ಮಾಡಬಹುದು.